ಕಲ್ಲಿನ ಬಾಣ

ಬೆಟ್ಟದ ಕವಲುದಾರಿಯಲ್ಲಿ ಗೈಡ್ಸ್ ಸಾಲಿನ ಮುಂದಿನವರು ಜೋಡಿಸಿಟ್ಟಿದ್ದ ಕಲ್ಲಿನ ಬಾಣವನ್ನು ಚದುರಿಸಿದ ಮೇಲೆ ಹಿಂದೆ ಬರುತ್ತಿದ್ದ ಹುಡುಗಿಯ ಎದೆ ಧಸಕ್ಕೆಂದಿತು. ದಾರಿಗುರುತನ್ನು ಸಾಲಿನ ಕೊನೆಯವರು ಅಳಿಸಿ ಬರಬೇಕೆಂದು ಕಲಿಸಿದ್ದು ಗೈಡ್ಸ್ ಟೀಚರ್. ಆದರೆ ಇವತ್ತು ಕೊನೆಯವಳು ತಾನಲ್ಲ. "ಶೂ ಲೇಸ್ ಕಟ್ಕೊಂಡು ಬರ್ತೀನಿ, ನೀನು ನಡಿ" ಎಂದಿದ್ದ ಟೀಚರೇ ಇನ್ನೂ ಬಂದಿರಲಿಲ್ಲ.

ಅವಳು ಎದ್ದುಬಿದ್ದು ಕೆಳಗೆ ಓಡಿದಳು. ಎರಡನೇ ತಿರುವಿನಲ್ಲಿ ಟೀಚರ್ ಬಂಡೆಯ ಮೇಲೆ ಕೂತು ಊದಿದ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಇವಳನ್ನು ಕಂಡಕೂಡಲೇ ಮಡಿಚಿದ್ದ ಪ್ಯಾಂಟನ್ನು ಸರ್ರನೆ ಕೆಳಗೆಳೆದರು.

"ಟೀಚರ್, ನೀವು ಹಿಂದೆ ಇದ್ದೀರಾ ಅನ್ನೋದೇ ಮರ್ತು ಬಾಣ ಅಳಿಸ್ಬಿಟ್ಟೆ."

"ಅಳ್ಬೇಡ ಕಣೇ. ಮಂಡಿ ವಿಷಯ ಮಾತ್ರ ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ಇನ್ಮೇಲೆ ನನ್ನ ಬೆಟ್ಟ ಹತ್ತೋಕೆ ಬಿಡಲ್ಲ. ನೀವೆಲ್ಲ ನಡೀರಿ, ನಾನು ಹೇಗೋ ಹಿಂದೆ ಬರ್ತೀನಿ."

ಹುಡುಗಿ ಸೀಟಿ ಊದಿ ಸಾಲನ್ನು ನಿಲ್ಲಿಸಿದಳು. ಟೀಚರ ಚೀಲವನ್ನು ತನ್ನ ಹೆಗಲಿಗೇರಿಸಿ, ಕೈಹಿಡಿದು, ನಿಂತಿದ್ದ ಹದಿನೆಂಟು ಹುಡುಗಿಯರನ್ನೂ ದಾಟಿಸಿ ಮುಂದಕ್ಕೆ ಕರೆತಂದಳು. ಸಾಲಿನ ಮುಂದಿದ್ದವಳಿಂದ ಗೈಡ್ಸ್ ಬಾವುಟ ಇಸಿದುಕೊಂಡು ಅವರ ಕೈಗಿಟ್ಟು ಪಿಸುಗುಟ್ಟಿದಳು:

"ನಿಧಾನಕ್ಕೆ ನಡೆಯೋರು ಮುಂದೆ ಇರ್ಬೇಕು, ಆಗ ಯಾರೂ ಹಿಂದೆ ಉಳಿಯಲ್ಲ. ಮೊದಲನೇ ಸಲ ಬೆಟ್ಟ ಹತ್ತುವಾಗ ಎಲ್ಲರೂ ನನ್ನ ಆಮೆ ಅಂತ ಆಡ್ಕೊಂಡಾಗ ನೀವೇ ಅಲ್ವಾ ಹೇಳಿದ್ದು?"

ಟೀಚರ್ ಬಾವುಟವನ್ನು ನೋಡಿದರು. ಹಿಂದೆ ತಿರುಗಿ, ಎಂದಿನಂತೆ ಗದರಿದರು:

"ಯಾರೂ ನನ್ನ ದಾಟ್ಕೊಂಡು ಹೋಗೋ ಹಾಗಿಲ್ಲ. ಗೊತ್ತಾಯ್ತಾ?"