ಹೂ ಬಿಡುವ ಕಾಲದ ಪಾಳಿ

“ಎರಡನೇ ಪ್ಲಾಟ್‌ಫಾರ್ಮಿಗೆ ಬರಬೇಕಿದ್ದ ಗಾಡಿ…” ಎನ್ನುವಷ್ಟರಲ್ಲಿ ರೈಲು ನಿಲ್ದಾಣದ ಉದ್ಘೋಷಕಿಗೆ ಸೀನು ಬಂತು. ಒಂದರ ಬೆನ್ನಿಗೊಂದು ಒಂಬತ್ತು ಸೀನು, ಅಷ್ಟೂ ಧ್ವನಿವರ್ಧಕದಲ್ಲಿ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಕಣ್ಣೊರೆಸಿಕೊಂಡು “ಮೂರನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ” ಎಂದು ಮುಗಿಸುವಾಗ ಗಾಡಿ ಅಲ್ಲಿ ಬಂದು ನಿಂತಾಗಿತ್ತು. ಗಾಲಿಕುರ್ಚಿಯಲ್ಲಿ ತಾಯಿಯನ್ನು ಕೂರಿಸಿಕೊಂಡಿದ್ದವನೊಬ್ಬ ಎರಡನೆಯದರಲ್ಲೇ ಉಳಿದು, ಗಾಡಿ ಹೋಗುವುದನ್ನು ನೋಡುತ್ತಾ ನಿಂತ. ಕಿಟಕಿಯಿಂದ ಅದನ್ನು ಕಂಡ ಅವಳಿಗೆ ನಗು ಬರಲಿಲ್ಲ.

ಸ್ಟೇಷನ್ ಮಾಸ್ಟರ್ ಕೆಟ್ಟವರೇನಲ್ಲ. ಪ್ರತಿ ವರ್ಷ ಹೂ ಬಿಡುವ ಕಾಲಕ್ಕೆ ಇದೇ ಗೋಳು, ಇನ್ನು ಮೇಲೆ ಆ ಎರಡು ತಿಂಗಳು ಪಾರ್ಸೆಲ್ ಕೋಣೆಯಲ್ಲಿ ಕೂತುಬಿಡಿ, ಘೋಷಣೆಗೆ ಯಂತ್ರ ಇದೆಯಲ್ಲ ಎಂದರು. ಹನ್ನೊಂದು ವರ್ಷ ಅದೇ ಮೈಕಿನ ಮುಂದೆ ಕೂತವಳಿಗೆ ಮೈಯೆಲ್ಲ ಉರಿದುಹೋಯಿತು.

“ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ ಸರ್?”

ಆ ವರ್ಷ ಮಾತ್ರ ಕೊಯ್ದುಕೊಳ್ಳಲೇಬೇಕಾಯಿತು. ಪಾರ್ಸೆಲ್ ಕೋಣೆಯ ಧೂಳಿನಲ್ಲಿ ಇನ್ನಷ್ಟು ಸೀನುತ್ತಾ, ತನ್ನ ಜಾಗದಲ್ಲಿ ಯಂತ್ರ ಮಾತಾಡುವುದನ್ನು ಕೇಳುತ್ತಾ ಎರಡು ತಿಂಗಳು ಕಳೆದಳು.

ರಜೆ ಹಾಕಿ ಕಿವಿ-ಮೂಗು-ಗಂಟಲಿನ ಡಾಕ್ಟರಮ್ಮನ ಹತ್ತಿರ ಹೋದಳು. ಅವರು ಪರೀಕ್ಷೆ ಮಾಡಿ, ಇದು ನೆಗಡಿಯೇ ಅಲ್ಲ, ಹೂವಿನ ಪರಾಗ ಮೈಗೆ ಒಗ್ಗದೆ ಆಗುವ ಅಲರ್ಜಿ ಎಂದರು. ಮೂಗು ಕಟ್ಟಿದ ಮೇಲೆ ಅಂಗಡಿಯಿಂದ ತಂದ ಮಾತ್ರೆ ನುಂಗಿ ತೂಕಡಿಸುತ್ತಿದ್ದೆ ಎಂದು ಅವಳು ಹೇಳಿದಾಗ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು ಎಂದು ನಕ್ಕರು. ಹೂ ಬಿಡುವುದಕ್ಕೆ ಎರಡು ವಾರ ಮೊದಲೇ ಮೂಗಿನ ಸ್ಪ್ರೇ ಶುರುಮಾಡಿ, ಒಂದು ದಿನವೂ ತಪ್ಪಿಸದೆ ಹಾಕಿಕೊಳ್ಳಬೇಕು. ನಿದ್ದೆ ಬರಿಸದ ಮಾತ್ರೆ ಬೇರೆ ಇದೆ ಎಂದು ಹೇಳಿ, ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ ಎಂದು ಸ್ಪ್ರೇ ಹಿಡಿಯುವುದನ್ನೂ ಕಲಿಸಿದರು.

“ಇದು ಪೂರ್ತಿ ಹೋಗಲಿಕ್ಕಿಲ್ಲಮ್ಮ. ಆದ್ರೆ ಹೇಳಿದ ಮಾತು ಕೇಳುತ್ತೆ.”

ಮರುವರ್ಷ ಮರಗಳು ಇನ್ನೂ ಬೋಳಾಗಿದ್ದಾಗಲೇ ಅವಳು ಸ್ಪ್ರೇ ಹಿಡಿದಳು. ಬಾರದ ಕಾಯಿಲೆಗೆ ಔಷಧಿಯೇ ಎಂದು ಗಂಡ ಗೇಲಿ ಮಾಡಿದ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯುವುದನ್ನು ನೋಡಿ, ಪಾತ್ರೆಯ ಸರದಿ ಯಾವಾಗ ಎಂದು ಅತ್ತೆ ಕೇಳಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪರಾಗ ಕೂರದಂತೆ ಬಟ್ಟೆಯನ್ನು ಒಳಗೇ ಒಣಗಿಸಿದಳು. ಕೆಲಸದಿಂದ ಬಂದವಳು ತಲೆಗೆ ನೀರು ಹಾಕಿಕೊಂಡೇ ಹಾಸಿಗೆ ಮುಟ್ಟಿದಳು.

ಹೂ ಬಿಟ್ಟಿತು. ಹಳಿಗಳ ಮೇಲೆ ಹಳದಿ ಪುಡಿ ಕೂತ ದಿನ ಅವಳು ಡಾಕ್ಟರಮ್ಮನ ಚೀಟಿ ಹಿಡಿದು ಸ್ಟೇಷನ್ ಮಾಸ್ಟರ್ ಮುಂದೆ ನಿಂತು, ಪಾರ್ಸೆಲ್ ಕೋಣೆಗೆ ಹೋಗುವುದಿಲ್ಲ ಎಂದಳು. ಒಂದು ಪಾಳಿ ನೋಡೋಣ ಎಂದು ಅವರು ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟು ಕೂತರು.

ಐದು ಗಾಡಿಗಳ ಘೋಷಣೆ ಸಲೀಸಾಗಿ ಮುಗಿಯಿತು. ಆರನೆಯದರ ನಡುವೆ ಅವಳ ಮೂಗು ತುರಿಸಿತು. ವಾಕ್ಯ ಮುಗಿಸಿ, ಮೈಕ್ ಆರಿಸಿ, ಮೊಣಕೈಗೆ ಮುಖ ಒತ್ತಿ ಒಮ್ಮೆ ಸೀನಿದಳು. ಒಂದೇ.

“ಬಂತಲ್ಲಮ್ಮ” ಎಂದರು ಸ್ಟೇಷನ್ ಮಾಸ್ಟರ್.

“ಬಂತು ಸರ್. ಮುಂದೆಯೂ ಬರುತ್ತೆ.” ಅವಳು ಮೂಗೊರೆಸಿಕೊಂಡು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. “ಆ ಗುಂಡಿ ಮೇಲಿಂದ ಕೈ ತೆಗೀರಿ. ಗಾಡಿ ಬರ್ತಿದೆ.”