ಎಡಗಡೆಯ ಸ್ಪೀಕರ್

ಗಂಡ ಮೂರನೆಯ ಸಲ ಬಂದು ಹೋದ ಮೇಲೆ ಶ್ಯೂ-ಯಿಂಗ್ ಕಾರಿನ ಸ್ಪೀಕರ್ ಕೊಳ್ಳಲು ಒಪ್ಪಿದಳು.

ಈ ಸಲವೂ ಅವನು ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು ಎಡಗಿವಿ ಮುಟ್ಟಿ ತೋರಿಸಿದ. ಊಟ ಆಯಿತೇ ಎಂದರೆ ಮತ್ತೆ ಕಿವಿಯನ್ನೇ ಮುಟ್ಟಿದ. ಹಾಗೆಯೇ ತಿರುಗಿ ಹೋದ.

ಬೆಳಿಗ್ಗೆ ಗಂಜಿ ಬಡಿಸುತ್ತಾ ಇದನ್ನು ಹೇಳಿದಾಗ ನಾದಿನಿ ಪೀ-ಯುನ್ ಬಟ್ಟಲು ಕೆಳಗಿಟ್ಟಳು.

"ಗಾಡೀಲಿ ಎಡಗಡೆ ಸ್ಪೀಕರ್ ಹಾಡ್ತಿಲ್ಲ, ಅಷ್ಟೇ ಅತ್ತಿಗೆ. ಡ್ರೈವರ್ ಕೂರೋ ಕಡೆದ್ದೇ ಹೋದ್ರೆ ಯಾರಿಗೆ ತಾನೇ ಸಮಾಧಾನ? ಹೊಸದು ಕೊಡಿಸು. ಆಮೇಲೆ ಅಣ್ಣ ಬರೋದು ನಿಲ್ಲಿಸ್ತಾನೆ."

"ನಿಲ್ಲಿಸ್ತಾರಾ?"

"ನಿಲ್ಲಿಸ್ಲೇಬೇಕು. ಹೀಗೆ ಬಾಗಿಲು ಕಾಯ್ಕೊಂಡು ಎಷ್ಟು ದಿನ ಇರ್ತೀಯ?"

ಶ್ಯೂ-ಯಿಂಗ್ ಪಾತ್ರೆ ತೊಳೆಯಲು ಎದ್ದಳು. ಅವನು ಬರುತ್ತಾನೆಂಬ ಹೆದರಿಕೆ ಅವಳಿಗಿರಲಿಲ್ಲ. ಬರುವುದೇ ನಿಂತುಹೋದರೆ ಎಂಬ ಹೆದರಿಕೆಯಿತ್ತು.

ತ್ಸಾಯ್‌ನ ಅಂಗಡಿಯಲ್ಲಿ ಏಳನೆಯ ತಿಂಗಳ ನೂಕುನುಗ್ಗಲು. ಬೆವರು ಇಳಿಯುತ್ತಿದ್ದರೂ ಅವನು ಫ್ಯಾನ್ ಹಾಕಿರಲಿಲ್ಲ. ಬೆರಳುಗಳಿಗೆ ಅಂಟು ಮೆತ್ತಿಕೊಂಡಿತ್ತು. ಕಾರು ಗಂಡನ ಬಳಿಯೇ ಇದ್ದುದರಿಂದ ಶ್ಯೂ-ಯಿಂಗ್ ಫೋಟೋ ಮುಂದಿಟ್ಟಳು: ಇಪ್ಪತ್ತೆರಡು ವರ್ಷ ಹಳೆಯ ಬಿಳಿ ಕಾರು, ಅದಕ್ಕೊರಗಿ ನಗುತ್ತಿರುವ ಗಂಡ.

ತ್ಸಾಯ್‌ಗೆ ನೆನಪಿತ್ತು. "ಹೋದ ವರ್ಷ ನಾನೇ ನಾಲ್ಕೂ ಹಾಕಿ ಕೊಟ್ಟಿದ್ದೆನಲ್ಲ ಅಕ್ಕ. ಅದು ಹೇಗೆ ಒಂದು ಹೋಯ್ತು?"

"ನಿನ್ನ ಅಂಟಿನ ಹಣೆಬರಹ," ಎಂದಳು ಪೀ-ಯುನ್.

ಶ್ಯೂ-ಯಿಂಗ್ ಕೈಚೀಲದ ಜಿಪ್ಪು ಎಳೆದುಕೊಂಡಳು.

ಪೀ-ಯುನ್‌ಗೆ ಬೆಳ್ಳಿ ಅಂಚಿನ ದೊಡ್ಡ ಸ್ಪೀಕರ್ ಹಿಡಿಸಿತ್ತು. ಶ್ಯೂ-ಯಿಂಗ್ ಒಪ್ಪಲಿಲ್ಲ. ಹಳೆಯ ಕಾರಿನ ಬಾಗಿಲಿಗೆ ಆರೂವರೆ ಇಂಚಿನದೇ ಕೂರುವುದು. ಅಲ್ಲದೆ ಎದೆಗೆ ಗುದ್ದುವ ಸದ್ದು ಅವನಿಗೆ ಆಗದು. ಮೀನು ಮಾರುಕಟ್ಟೆಯಿಂದ ಮರಳುವಾಗ ಹಳೆಯ ಹಾಡನ್ನು ಸಣ್ಣಗೆ ಹಾಕುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿದು ಅವನ ಬಾಯಿಗೆ ಕೊಡುತ್ತಿದ್ದಳು.

"ಒಳಗಿನ ಪೊರೆ ಕಾಗದದ್ದಾದ್ರೇ ಮೆತ್ತಗೆ ಹಾಡೋದು ಅಂತಿದ್ರು," ಎಂದಳು.

ತ್ಸಾಯ್ ನಕ್ಕ. "ನನ್ನ ಹತ್ರ ಅದು ಬಿಟ್ಟು ಬೇರೇನಿದೆ ಅಕ್ಕ?"

ಒಂದೇ ಸಾಕೆಂದರೆ ಅವನು ಬಿಡಲಿಲ್ಲ. ಒಂದು ಹಳೆಯದು, ಒಂದು ಹೊಸದಾದರೆ ದನಿ ಒಂದು ಕಡೆ ವಾಲುತ್ತದೆ, ಎಡಬಲ ಜೋಡಿಯೇ ಇರಲಿ ಎಂದ. ಅವಳು ಅರ್ಧ ಗಂಟೆ ಕೂತು ಕಪ್ಪು ಜೋಡಿಯೊಂದನ್ನು ಆರಿಸಿದಳು. ಕೆಂಪು ತಂತಿ, ಕಪ್ಪು ತಂತಿ ಎರಡನ್ನೂ ಹೇಳಿ ಹಾಕಿಸಿದಳು. ಎಡ ಯಾವುದು, ಬಲ ಯಾವುದು ಎಂದು ಹಿಂದೆ ಬರೆಸಿದಳು.

"ಇನ್ನು ದೂರು ಬರಲ್ಲ, ನೋಡಿ," ಎಂದ ತ್ಸಾಯ್.

ಅವಳು ತಲೆಯಾಡಿಸಿದಳು. ಕಣ್ಣು ಮಾತ್ರ ಫೋಟೋದ ಮೇಲೆಯೇ ಇತ್ತು.

ಅಲ್ಲಿಂದ ಇಬ್ಬರೂ ನೇರ ದೇವಸ್ಥಾನಕ್ಕೆ ಹೋದರು. ಸತ್ತವರು ಮನೆಗೆ ಮರಳುವ ಏಳನೆಯ ತಿಂಗಳು; ಹಿಂಬದಿಯ ಕುಲುಮೆಯಲ್ಲಿ ಅವರಿಗೆಂದು ಕಾಗದದ ಕಾಣಿಕೆ ಸುಡುವ ಬೆಂಕಿ ಆಗಲೇ ಏರಿತ್ತು. ಹೋದ ವರ್ಷ ಗಂಡನ ಶವಸಂಸ್ಕಾರದ ಮರುದಿನ, ಬಿದಿರು ಕಡ್ಡಿಗೆ ಕಾಗದ ಅಂಟಿಸಿ ತ್ಸಾಯ್ ಮಾಡಿಕೊಟ್ಟ ಬಿಳಿ ಕಾರನ್ನು ಅವರು ಸುಟ್ಟು ಕಳಿಸಿದ್ದು ಇಲ್ಲಿಂದಲೇ. ಬೇರೆ ಯಾವ ಪ್ರೇತವೂ ದಾರಿಯಲ್ಲಿ ಕಸಿದುಕೊಳ್ಳದಿರಲೆಂದು ಪೀ-ಯುನ್ ಅಣ್ಣನ ಹೆಸರು ಹಿಡಿದು ಕರೆದಳು.

"ಅಣ್ಣಾ, ಸ್ಪೀಕರ್ ಬರ್ತಿದೆ, ತಗೋ. ಇನ್ನು ಅತ್ತಿಗೆ ಕನಸಿಗೆ ಬಂದು ಕಾಡ್ಬೇಡ."

ಕಣ್ಣೊರೆಸಿಕೊಂಡು ಅವಳು ಊದುಬತ್ತಿ ತರಲು ಒಳಗೆ ಹೋದಳು.

ಶ್ಯೂ-ಯಿಂಗ್ ಬಲಗಡೆಯದನ್ನು ಬೆಂಕಿಗೆ ಹಾಕಿದಳು. ಎಡಗಡೆಯದನ್ನು ಕೈಚೀಲದೊಳಗೆ, ಹೋದ ವರ್ಷ ಕಾರಿಗೆ ಬೆಂಕಿ ತಗಲುವ ಮುಂಚೆ ತಾನೇ ಕಿತ್ತಿಟ್ಟುಕೊಂಡಿದ್ದ ಇನ್ನೊಂದರ ಪಕ್ಕದಲ್ಲಿ, ಮಡಿಕೆ ಬೀಳದಂತೆ ಇಟ್ಟುಕೊಂಡಳು.