ಸಂಬಳಕ್ಕೆ ಚೆಂಡಾಡುವವನು

ಚೆಂಡು ಮತ್ತೊಮ್ಮೆ ಬುಟ್ಟಿಯೊಳಗೆ ಬಿತ್ತು. ಹಾಸನದ ಹೈಸ್ಕೂಲು ಮೈದಾನದ ಸುತ್ತ ನಿಂತಿದ್ದವರು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಹೊಂಗೆ ಮರದ ಕೆಳಗಿನ ಬೆಂಚಿನ ಮೇಲೆ ಕೂತಿದ್ದ ಅರಕಲಗೂಡಿನ ಜವಳಿ ವ್ಯಾಪಾರಿ ಚಂದ್ರಯ್ಯ ಮಾತ್ರ ಆಕಳಿಸಿದ.

"ಬುಟ್ಟಿಗೆ ತಳವೇ ಇಲ್ಲವಲ್ಲೋ ಪಾಲಾಕ್ಷ. ಆಕಿದ್ದೆಲ್ಲ ಕೆಳಕ್ಕೇ ಬತ್ತದೆ. ಇದೂ ಒಂದಾಟವಾ?"

ಪಾಲಾಕ್ಷ ಅವನ ಹೆಂಡತಿ ಗುರುಸಿದ್ದಮ್ಮನ ತಮ್ಮ, ಹಾಸನದಲ್ಲೇ ಅಂಗಡಿ ಇಟ್ಟವನು. ಅಕ್ಕನ ಮಗಳು ಶಾಂತಕುಮಾರಿಗೆ ಗಂಡು ಹುಡುಕಿದವನೂ ಅವನೇ. ಹುಡುಗ ಷಡಕ್ಷರಿ ಬೆಂಗಳೂರಿನ ಮಿಲ್ಲೊಂದರ ತಂಡದವನು. ಮೈಸೂರಿನವರ ಮೇಲೆ ಬ್ಯಾಸ್ಕೆಟ್‌ಬಾಲ್ ಪಂದ್ಯ ಆಡಲು ಬಂದಿದ್ದ. ಹೆಣ್ಣು ತೋರಿಸುವ ಶಾಸ್ತ್ರ ಆಮೇಲೆ, ಮೊದಲು ಅವನಿಗೆ ತಿಳಿಯದಂತೆ ನಾವು ಗಂಡು ನೋಡಿಬಿಡೋಣ ಎಂದು ಗಂಡ, ಹೆಂಡತಿ, ಮಗಳು ಬೆಳಗಿನ ಬಸ್ಸಿಗೇ ಬಂದಿಳಿದಿದ್ದರು.

"ಆಟ ಅಂಗಿರ್ಲಿ. ಕೆಲಸ ಏನು ಅಂದೆ?"

"ಇದೇ ಕೆಲಸ ಭಾವ. ಚೆಂಡಾಡೋಕೇ ಅಂತ ಮಿಲ್ಲಿನೋರು ಸಂಬಳ ಕೊಟ್ಟು ಇಟ್ಕೊಂಡವ್ರೆ. ಆಟ ಇಲ್ದಾಗ ಮಗ್ಗದ ಕಡೆ ನೋಡ್ಕತಾನೆ."

ಚಂದ್ರಯ್ಯ ಪ್ರಾಯದಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡು ಬೆಳೆದವನು. ಈಗಲೂ ಎಲ್ಲಿ ಕುಸ್ತಿಯಿದ್ದರೂ ಅಂಗಡಿ ಮುಚ್ಚಿ ಹೊರಡುವವನು. "ಕುಸ್ತಿ ನೋಡು. ಬೆನ್ನು ಒಂದ್ಸಲ ಮಣ್ಣು ಮುಟ್ತಾ, ಮುಗೀತು. ಆ ಒಂದು ಗಳಿಗೆಗೋಸ್ಕರ ಉಸಿರು ಬಿಗಿ ಹಿಡ್ಕೊಂಡು ಕೂತಿರ್ತೀವಿ. ಇಲ್ಲಿ ಉಸಿರಿಗೊಂದ್ಸಲ ಗೆಲ್ತಾರೆ, ಉಸಿರಿಗೊಂದ್ಸಲ ಸೋಲ್ತಾರೆ. ಯಾವುದಕ್ಕೆ ಅಂತ ಚಪ್ಪಾಳೆ ತಟ್ಟಾನ?"

"ಕುಸ್ತಿ ಎಂಗಿರ್ತದೋ ನಮಗೇನು ಗೊತ್ತು?" ಗುರುಸಿದ್ದಮ್ಮ ಆಟದಿಂದ ಕಣ್ಣು ತೆಗೆಯದೆ ಹೇಳಿದಳು. "ಒಂದಿನಾನಾದ್ರೂ ಕರ್ಕೊಂಡೋಗಿದ್ರಾ?"

"ಕುಸ್ತಿ ಕಣಕ್ಕೆ ಎಂಗಸ್ರು ಬತ್ತಾರೇನೆ?"

"ಅದಕ್ಕೇ ನಂಗೆ ಇದೇ ಚೆಂದ. ಈಚೆ ಸರೀರಿ, ಹುಡುಗ ಕಾಣಾಕಿಲ್ಲ."

ಹುಡುಗ ಗಿಡ್ಡ. ಉದ್ದುದ್ದ ಕಾಲುಗಳ ನಡುವೆ ನುಸುಳಿ ಚೆಂಡು ಕಸಿಯುತ್ತಿದ್ದ. ಕಸಿದ ಮರುಗಳಿಗೆಯೇ ತನ್ನ ಕಡೆಯ ಇನ್ನೊಬ್ಬನಿಗೆ ದಾಟಿಸಿಬಿಡುತ್ತಿದ್ದ. ಅದೂ ಚಂದ್ರಯ್ಯನಿಗೆ ಹಿಡಿಸಲಿಲ್ಲ. "ಕೈಗೆ ಬಂದಿದ್ದನ್ನೆಲ್ಲ ಪಕ್ಕದೋರಿಗೆ ಕೊಟ್ಬುಡ್ತಾನಲ್ಲ. ಇದು ಸಂಸಾರ ಮಾಡೋ ಲಕ್ಷಣವಾ?"

ಆದರೆ ಆಟ ಮುಗಿಯುವ ಹೊತ್ತು ಬರುತ್ತಿದ್ದಂತೆ ಆಕಳಿಕೆ ನಿಂತಿತ್ತು. ಮೈಸೂರಿನವರು ಒಂದೇ ಅಂಕ ಮುಂದಿದ್ದರು. ಚಂದ್ರಯ್ಯ ಬೆಂಚಿನ ಅಂಚಿಗೆ ಸರಿದ. ಅದರ ಮೇಲೆ ಹತ್ತಿ ನಿಂತದ್ದು ಯಾವಾಗಲೋ, ಅವನಿಗೇ ತಿಳಿಯಲಿಲ್ಲ. ಚೆಂಡು ಷಡಕ್ಷರಿಯ ಕೈಗೆ ಬಂತು. ಮೈದಾನವೆಲ್ಲ ಒಂದು ಗಳಿಗೆ ಗಪ್ಪಾಯಿತು.

"ಆಕು ಕಣ್ಲಾ, ನೀನೇ ಆಕು ಕಣ್ಲಾ" ಎಂದು ಚಂದ್ರಯ್ಯ ಅರಚಿದ.

ಅಳಿಯನಾಗಬೇಕಾದವನಿಗೆ ಮಾವನ ಮೊದಲ ಮಾತು ಹೀಗೆ ಊರಿಗೆಲ್ಲ ಕೇಳಿಸಿತು. ಷಡಕ್ಷರಿ ಹಾಕಲಿಲ್ಲ. ಆಚೆ ಬದಿಯಲ್ಲಿದ್ದ ಉದ್ದನೆಯವನಿಗೆ ಚೆಂಡು ಕೊಟ್ಟ. ಅವನು ಎಸೆದದ್ದು ಬುಟ್ಟಿಯ ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ಸುತ್ತಿ ಹೊರಗೆ ಬಿತ್ತು. ಆಟ ಮುಗಿದ ಸೀಟಿ ಊದಿದರು.

ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ಪಾಲಾಕ್ಷ ಹುಡುಗನನ್ನು ಕರೆತಂದು ನಿಲ್ಲಿಸಿದ. ಅವನು ಬೆವರೊರೆಸಿಕೊಂಡು ಕೈ ಮುಗಿದ. ಚಂದ್ರಯ್ಯ ಊರು, ಮನೆತನ ಒಂದನ್ನೂ ಕೇಳಲಿಲ್ಲ.

"ಯಾಕಪ್ಪ ಅವನಿಗೆ ಕೊಟ್ಟೆ?"

"ನನ್ನ ಮುಂದೆ ಇಬ್ರು ನಿಂತಿದ್ರು ಸಾ. ಅವನ ಮುಂದೆ ಯಾರೂ ಇರ್ಲಿಲ್ಲ."

"ಸೋತ್ರಲ್ಲ?"

"ಸೋತ್ವಿ. ನಾಳೆ ಇಂಗೇ ಆದ್ರೂ ಅವನಿಗೇ ಕೊಡ್ತೀನಿ."

ಚಂದ್ರಯ್ಯ ಚಪ್ಪಲಿ ಮೆಟ್ಟಿ ನಡೆದೇಬಿಟ್ಟ. ಪಾಲಾಕ್ಷ ತಲೆ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕೂತ.

ಮಹಾಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಸಂಜೆಯ ಬಸ್ಸು ಅರಕಲಗೂಡಿನ ದಾರಿಯ ಏರಿನಲ್ಲಿ ಕೆಮ್ಮಿ ನಿಂತಿತು. ಎಲ್ಲರೂ ಇಳಿದರು. ಚಂದ್ರಯ್ಯ ರಸ್ತೆಯಲ್ಲೇ ನಿಂತು, ಇಲ್ಲದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸುತ್ತಿದ್ದ. "ಇಂಗೆ ತಿರುಗಿ, ಇಂಗೆ ಎಗರಿದ್ದಿದ್ರೆ ಬೀಳ್ತಿತ್ತು." ಹಾಸನ ಬಿಟ್ಟಾಗಿನಿಂದ ಇದೇ ಮಾತು. ಸಂಬಂಧದ ಸುದ್ದಿಯೇ ಇಲ್ಲ.

"ಆಟ ಚೆನ್ನಾಗಿಲ್ಲ ಅಂದ್ರಿ?" ಎಂದಳು ಗುರುಸಿದ್ದಮ್ಮ.

"ಚೆನ್ನಾಗಿಲ್ಲ ಕಣೇ. ಅದಕ್ಕೇ ಯೋಚ್ನೆ ಮಾಡ್ತಾ ಇವ್ನಿ." ಅವನು ಮಗಳ ಕಡೆ ತಿರುಗಿದ. "ನೀನೇನವ್ವ, ಬೆಳಗಿಂದ ತುಟಿ ಬಿಚ್ಚಿಲ್ಲ. ನಿಂಗೆಂಗನ್ನಿಸ್ತು ಆಟ?"

ಶಾಂತಕುಮಾರಿ ರಸ್ತೆಯ ಧೂಳು ನೋಡುತ್ತಲೇ ಹೇಳಿದಳು. "ಆಟ ನಂಗೆ ಸರಿಯಾಗಿ ತಿಳೀಲಿಲ್ಲ ಅಪ್ಪಾಜಿ. ಸೋತ ಮೇಲೆ ಆ ಉದ್ದನೆಯವನು ಬುಟ್ಟಿ ಕೆಳಗೇ ಕುಕ್ಕರಿಸ್ಬುಟ್ಟಿದ್ದ. ಎಲ್ಲಾರೂ ಬೈತಿದ್ರು. ಇವ್ರೊಬ್ರೇ ಓಗಿ ಎಬ್ಬಿಸಿ, ಹೆಗಲ ಮೇಲೆ ಕೈ ಆಕ್ಕೊಂಡು ಕರ್ಕೊಂಡ್ಬಂದ್ರು. ನಾನು ಅದನ್ನ ನೋಡ್ತಿದ್ದೆ."

ಗುರುಸಿದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊರಗಿನ ಗಂಡಸೊಬ್ಬನನ್ನು ಮಗಳು 'ಇವ್ರು' ಎಂದದ್ದು ಅದೇ ಮೊದಲು.

ಚಂದ್ರಯ್ಯನಿಗೂ ಅದು ಕೇಳಿಸಿತು. 'ಇವ್ರು' ಅಂದರೆ ಯಾರು ಎಂದು ಅವನು ಕೇಳಲಿಲ್ಲ. ರುಮಾಲು ತೆಗೆದು ಹೆಂಡತಿಯ ಕೈಗಿತ್ತು, ಪಂಚೆ ಎತ್ತಿ ಕಟ್ಟಿ, ಬಸ್ಸಿನ ಹಿಂದಕ್ಕೆ ಹೋಗಿ, ತಳ್ಳುತ್ತಿದ್ದವರೊಡನೆ ತಾನೂ ಹೆಗಲು ಕೊಟ್ಟ.